ನಡುರಾತ್ರಿ ಬಾಗಿಲಿಗೇ ಬಂದ ಗಾಡಿ

ಹೋದ ತಿಂಗಳು ಒಂದು ರಾತ್ರಿ ಪಕ್ಕದ ಮನೆ ಅಜ್ಜಿಗೆ ಎದೆನೋವು ಬಂತು. ಇಲ್ಲಿ ಎಲ್ಲರೂ ಅವರನ್ನು 'ಬಾ' (ಗುಜರಾತಿಯಲ್ಲಿ ಅಮ್ಮ) ಅಂತ ಕರೆಯುತ್ತಾರೆ, ನಾನೂ ಹಾಗೇ. ಅವರ ಮಗ 108ಕ್ಕೆ ಫೋನ್ ಮಾಡಿದರು. ನಾನು ಗಡಬಡಿಸಿ ಹೊರಗೆ ಬಂದವನೇ ಹೊರಸು ಹುಡುಕತೊಡಗಿದೆ. ಅಷ್ಟರಲ್ಲಿ ಆಂಬುಲೆನ್ಸ್ ಸೀದಾ ಬಾಗಿಲ ಮುಂದೆ ಬಂದು ನಿಂತಿತು. ನಾವಿರುವುದು ಗುಜರಾತಿನ ಭುಜ್‌ನ ಹಳೇ ಊರಿನಲ್ಲಿ, ಕೋಟೆಯೊಳಗಿನ ಗಲ್ಲಿಯಲ್ಲಿ!

ಹೊರಸು ಯಾಕೆ ಹುಡುಕಿದೆ ಅಂದರೆ, ನನಗೆ ಗೊತ್ತಿದ್ದ ದಾರಿ ಅದೊಂದೇ. ಕಲಬುರಗಿ ಕಡೆಯ ನಮ್ಮೂರಿನಲ್ಲಿ ಅಪ್ಪನಿಗೆ ಹೀಗೇ ಆದಾಗ ನಾಲ್ಕು ಜನ ಹೊರಸಿನ ಮೇಲೆ ಹೊತ್ತು ಊರ ಹೆಬ್ಬಾಗಿಲಾದ ಅಗಸಿ ತನಕ ತಂದಿದ್ದೆವು. ಗಾಡಿ ಅಗಸಿಯಲ್ಲೇ ನಿಂತಿತ್ತು. ಒಳಗೆ ಬರೋಕೆ ಜಾಗ ಎಲ್ಲಿತ್ತು? ಅಪ್ಪ ಉಳಿಯಲಿಲ್ಲ. ಗಲ್ಲಿಯಿಂದಲೇ ಹೋದರು ಅಂತ ಹೇಳಲಾರೆ. ಆದರೆ ಆ ಹತ್ತು ನಿಮಿಷ ಇವತ್ತಿಗೂ ಮರೆತಿಲ್ಲ.

ಬಾ ಮೂರು ದಿನಕ್ಕೆ ಮನೆಗೆ ಬಂದರು. ನೋಡಲು ಹೋದಾಗ ಗಲ್ಲಿಯ ಮಾತು ತೆಗೆದೆ. ಅವರು ಹೊಸ್ತಿಲ ತನಕ ಬಂದು ರಸ್ತೆ ಕಡೆ ಕೈ ತೋರಿಸಿದರು. "ಆ ಹುಡುಗ ಬೈಕ್ ಒರೆಸ್ತಿದ್ದಾನಲ್ಲ, ಅಲ್ಲೇ ನಮ್ಮ ಒಲೆ ಇತ್ತು."

2001ರ ಜನವರಿ 26, ಬೆಳಿಗ್ಗೆ 8:46. 7.7ರ ಭೂಕಂಪ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಎರಡೂ ಕಡೆಯಿಂದ ಗಲ್ಲಿಗೆ ಬಿದ್ದವು. ಹೊರಗೆ ಓಡಿ ಬಂದವರೂ ಅದರಡಿ ಸಿಕ್ಕಿಕೊಂಡರು. ಕಲ್ಲು ಎತ್ತುವ ಯಂತ್ರ ಒಳಗೆ ಬರಲಾಗಲಿಲ್ಲ. ಹತ್ತಿರದ ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲೆ ಮಕ್ಕಳು ಇಂಥದ್ದೇ ಇಕ್ಕಟ್ಟಿನ ಗಲ್ಲಿಯಲ್ಲಿ ಸತ್ತರು. ಭುಜ್‌ನ ಸರ್ಕಾರಿ ಆಸ್ಪತ್ರೆಯೇ ಕುಸಿಯಿತು. ಈಗ ಬಾ ಹೋಗಿ ಬಂದದ್ದು ಆಮೇಲೆ ಕಟ್ಟಿದ ಆಸ್ಪತ್ರೆಗೆ. ನೆಲ ಅಲುಗಿದರೂ ಕಟ್ಟಡಕ್ಕೆ ಹೊಡೆತ ಕಡಿಮೆ ಬೀಳಲಿ ಅಂತ ಅದರ ಬುಡದಲ್ಲಿ ರಬ್ಬರ್ ಮತ್ತು ಸೀಸದ ದಿಂಬುಗಳಿವೆ.

ಗಲ್ಲಿ ಹೇಗೆ ಅಗಲವಾಯಿತು ಅನ್ನೋದನ್ನು ಕೇಳಿ. ಕೋಟೆಯೊಳಗಿನ ಊರನ್ನು 8 ಭಾಗ ಮಾಡಿದರು. ಒಂದೊಂದು ಭಾಗದಲ್ಲೂ ಎಲ್ಲರ ಜಾಗವನ್ನು ನಕ್ಷೆಯ ಮೇಲೆ ಒಟ್ಟು ಸೇರಿಸಿ, ರಸ್ತೆಗೆ ಬೇಕಾದ್ದನ್ನು ಎಲ್ಲರಿಂದಲೂ ಪಾಲು ಹಾಕಿ ತೆಗೆದು, ಉಳಿದದ್ದನ್ನು ಹೊಸದಾಗಿ ಗೆರೆ ಎಳೆದು ವಾಪಸ್ ಕೊಟ್ಟರು. 30 ಚದರ ಮೀಟರ್‌ಗಿಂತ ಚಿಕ್ಕ ಜಾಗ ಇದ್ದವರಿಂದ ಏನೂ ತೆಗೆದುಕೊಳ್ಳಲಿಲ್ಲ. ಜಾಗ ದೊಡ್ಡದಾದಷ್ಟೂ ಪಾಲು ಜಾಸ್ತಿ, ನೂರಕ್ಕೆ 35ರ ತನಕ. ರಸ್ತೆ ಯಾರ ಬಾಗಿಲ ಮುಂದೆ ಹೋಗುತ್ತದೋ ಅವರೊಬ್ಬರೇ ಕಳಕೊಳ್ಳುವ ಮಾತಿಲ್ಲ. ಹಿಂದಿನ ಮನೆಯವರೂ ಕೊಟ್ಟರು, ಎದುರಿನವರೂ ಕೊಟ್ಟರು.

ನಮ್ಮಲ್ಲಿ? ಗಲ್ಲಿ ಅಗಲ ಮಾಡೋಕೆ ಅಂತ ಒಂದೇ ಮಗ್ಗುಲಿನ ಮನೆಗಳಿಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದಾರೆ. ಹನ್ನೊಂದು ವರ್ಷದಿಂದ ಕೋರ್ಟಿನಲ್ಲಿದೆ. ಅಣ್ಣನಿಗೆ ಫೋನ್ ಮಾಡಿ ಇಲ್ಲಿಯ ಕಥೆ ಹೇಳಿದೆ. "ಎದುರಿನವ್ರದು ಒಂದು ಗೇಣೂ ಹೋಗಂಗಿಲ್ಲ, ನಮ್ದೇ ಯಾಕ್ ಹೋಗ್ಬೇಕು? ನಾ ಬಿಡಂಗಿಲ್ಲ" ಅಂದ. ಅವನ ಸಿಟ್ಟು ನ್ಯಾಯವೇ. ಆದರೆ ಎಲ್ಲರೂ ಎರಡೆರಡು ಅಡಿ ಕೊಡೋಣ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲವಲ್ಲ, ಅದು ನನ್ನ ಹೊಟ್ಟೆ ಉರಿಸುತ್ತದೆ.

ನಮ್ಮ ಕಡೆ ನೆಲ ಅಲುಗಲ್ಲ ಅನ್ನುವ ಹಾಗೂ ಇಲ್ಲ. 1993ರಲ್ಲಿ ಗಣಪತಿ ಕಳಿಸಿ ಬಂದು ಮಲಗಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಗೋಡೆಯ ಮಾಡದಲ್ಲಿದ್ದ ಪಾತ್ರೆಗಳು ಗಲಗಲ ಅಂದವು. ಗಡಿಯಾಚೆ ಲಾತೂರಿನ ಕಿಲ್ಲಾರಿ ಊರೇ ನೆಲಸಮವಾಗಿತ್ತು. ಹತ್ತು ದಿನ ಹೊಲದಲ್ಲಿ ಮಲಗಿದೆವು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮತ್ತೆ ಮತ್ತೆ ಅಲುಗಿತು, ಜನ ಊರು ಬಿಟ್ಟು ಹೋದರು. ನಮ್ಮ ಮನೆಗಳೂ ಅದೇ ಕಲ್ಲು, ಅದೇ ಮಣ್ಣು, ಮೇಲೆ ಭಾರದ ಮಾಳಿಗೆ. ಬಾ ಮನೆಯಲ್ಲಿ ಬಾಗಿಲು ಕಿಟಕಿಗಳ ತಲೆಮೇಲೆ ಕಾಂಕ್ರೀಟಿನ ಪಟ್ಟಿಯೊಂದು ಸುತ್ತಲೂ ಹಾದಿದೆ, ಸೊಂಟಕ್ಕೆ ಡಾಬು ಕಟ್ಟಿದ ಹಾಗೆ. ಮೂಲೆ ಮೂಲೆಗೂ ಬುಡದಿಂದ ಮೇಲಿನ ತನಕ ಕಬ್ಬಿಣದ ಸರಳು. ಸರ್ಕಾರದ ದುಡ್ಡು ಕಂತಿನಲ್ಲಿ ಬರುತ್ತಿತ್ತಂತೆ. ಇಂಜಿನಿಯರ್ ಬಂದು ನೋಡಿ ಸರಿ ಅಂದ ಮೇಲೇ ಮುಂದಿನ ಕಂತು. ನಮ್ಮೂರಿನಲ್ಲಿ ಮೊನ್ನೆ ಮೊನ್ನೆ ಕಟ್ಟಿದ ಮನೆಗಳಲ್ಲೂ ಆ ಸುತ್ತುಪಟ್ಟಿ ಕಾಣಲಿಲ್ಲ.

ಇದೆಲ್ಲ ಕೇಳಿ ಅಣ್ಣ ಅಂದಿದ್ದು, "ಅವ್ರಿಗಿ ವಿಶ್ವಬ್ಯಾಂಕ್ ಸಾಲ ಕೊಡ್ತು, ನಮಗ್ಯಾರು ಕೊಡ್ತಾರ?" ಅದು ಖರೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ದುಡ್ಡೂ ಬಂದಿತ್ತು. ಗೋಡೆಗಳೆಲ್ಲ ಬಿದ್ದ ಮೇಲೆ ಗೆರೆ ಎಳೆಯೋದು ಬೇರೆ, ನಿಂತಿರೋ ಮನೆ ಮೇಲೆ ಎಳೆಯೋದು ಬೇರೆ. ಅದನ್ನೂ ಒಪ್ಪುತ್ತೇನೆ.

ಇನ್ನೊಂದನ್ನು ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. ಬಾ ಇದ್ದ ಓಣಿಯಲ್ಲಿ ಹನ್ನೆರಡು ಮನೆಗಳಿದ್ದವು, ವಾಪಸ್ ಬಂದದ್ದು ಮೂರು. ಉಳಿದವರು ಊರಾಚೆ ಮುಂದ್ರಾ ರಸ್ತೆ, ರಾವಲ್‌ವಾಡಿಯ ಹೊಸ ಬಡಾವಣೆಗಳಿಗೆ ಹೋದರು. ಬಾಡಿಗೆಗಿದ್ದವರಿಗೆ ಕೈಗೆ ಬಂದದ್ದು ಕಡಿಮೆ, ಕಾದದ್ದು ಜಾಸ್ತಿ. "ಮೊದಲು ಅರಿಶಿನ ಬೇಕು ಅಂದರೆ ಎದುರು ಕಿಟಕಿಯಿಂದ ಕೈ ಬರ್ತಿತ್ತು. ಈಗ ಕೂಗಿದರೂ ಕೇಳಲ್ಲ" ಅಂದರು ಬಾ. ಅವರ ಮನೆ ಮುಂದೆ ಕೂರೋಕೆ ಈಗ ಒಂದು ಮೆಟ್ಟಿಲಷ್ಟೇ ಇದೆ.

ಅವತ್ತು ಅಣ್ಣ ಮಾತಾಡುತ್ತಿದ್ದದ್ದು ನಮ್ಮ ಕಟ್ಟೆ ಮೇಲೆ ಕೂತು. ಎದುರುಮನೆ ಕಾಕಾ ಕೆಮ್ಮಿದ್ದು, ಯಾರೋ ಎಲೆ ಅಡಿಕೆ ಕೇಳಿದ್ದು ಎಲ್ಲ ಫೋನಿನಲ್ಲಿ ಕೇಳುತ್ತಿತ್ತು. ಗಾಡಿ ಬರಬೇಕಾದರೆ ಆ ಕಟ್ಟೆಯಲ್ಲಿ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ? ಗಲ್ಲಿಯನ್ನು ಆ ತುದಿಯಿಂದ ಈ ತುದಿ ತನಕ ಟೇಪ್ ಹಿಡಿದು, ಎರಡೂ ಮಗ್ಗುಲು ಅಳೆದು ಹೇಳು ಅಂದಿದ್ದೇನೆ. ಇನ್ನೂ ಹೇಳಿಲ್ಲ.