ಏಪ್ರಿಲ್‌ನಲ್ಲಿ ಆಗುಂಬೆ: ಕ್ಯಾಲೆಂಡರ್ ಅಲ್ಲ, ಮಳೆ ನೋಡಿ ಹೊರಡಿ

ಏಪ್ರಿಲ್‌ನಲ್ಲಿ ಎರಡು ದಿನ ಆಗುಂಬೆಗೆ ಹೋದರೆ ಹಾವು, ಕಪ್ಪೆ ಎಲ್ಲವೂ ನೋಡಲು ಸಿಗುತ್ತವೆ ಎಂದು ನಾನು ಓದಿದ ಪ್ರವಾಸ ಲೇಖನವೊಂದು ಹೇಳುತ್ತದೆ. ಅರ್ಧ ಸರಿ. ಹಾರುವ ಕಪ್ಪೆ ನೀರಿನ ಮೇಲಿನ ಕೊಂಬೆಗೆ ನೊರೆಗೂಡು ಕಟ್ಟುವುದು ಮುಂಗಾರು ಹಿಡಿದ ಮೇಲೆ. ಅದಕ್ಕೆ ಜೂನ್ ಬೇಕು. ಏಪ್ರಿಲ್‌ನಲ್ಲಿ ರೂಮು ಬುಕ್ ಮಾಡುವ ಮೊದಲು ಅಡ್ಡಮಳೆ (ಮುಂಗಾರಿಗೆ ಮೊದಲಿನ ಬೇಸಿಗೆ ಮಳೆ) ಬಿದ್ದಿದೆಯೇ ಎಂದು ಊರಿನವರನ್ನೇ ಕೇಳಿ. ಸಂಜೆ ಮಳೆಯಾದ ರಾತ್ರಿ ಒಂದು, ಒಣ ರಾತ್ರಿ ನಾಲ್ಕಕ್ಕೆ ಸಮ.

ಹಾರುವ ಓತಿಗೆ ಕಾಡೇ ಬೇಕಿಲ್ಲ, ಅಡಿಕೆ ತೋಟ ಸಾಕು. ತೋಟದವರನ್ನು ಕೇಳಿಯೇ ಒಳಗೆ ಹೋಗಿ. ಬಿಸಿಲೇರಿದ ಮೇಲೆ, ಒಂಬತ್ತರಿಂದ ಹನ್ನೊಂದರವರೆಗೆ, ಕಾಂಡಗಳನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತಾ ಬನ್ನಿ. ತೊಗಟೆಯ ಬಣ್ಣವೇ ಅದರದ್ದೂ. ಗಂಡು ಗಂಟಲಿನ ಹಳದಿ ಚೀಲ ಬಿಚ್ಚಿದಾಗಲೇ ಕಣ್ಣಿಗೆ ಬೀಳುತ್ತದೆ.

ರಾತ್ರಿ ಹೆಡ್‌ಲ್ಯಾಂಪ್ ಹಣೆಗೇ ಇರಲಿ. ಬೆಳಕು ಕಣ್ಣಿನ ಮಟ್ಟದಲ್ಲಿದ್ದರೆ ಮಾತ್ರ ಕಪ್ಪೆಯ ಕಣ್ಣು ಹೊಳೆದು ಕಾಣುತ್ತದೆ. ಗುಳಿಮಂಡಲ ಹಾವು (ಪಿಟ್ ವೈಪರ್) ಹೀಗೆ ಹೊಳೆಯುತ್ತದೆಂದು ಕಾಯಬೇಡಿ, ಹಳ್ಳದ ಬದಿಯ ಕೊಂಬೆಗಳಲ್ಲಿ ಸುರುಳಿಯ ಆಕಾರ ಹುಡುಕಿ. ಕೊಂಬೆ ಹಿಡಿದು ಇಳಿಯುವ ಅಭ್ಯಾಸವಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ನಮ್ಮಲ್ಲಿ ಸಿಗುವ ವಿಷಪ್ರತಿರೋಧಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ ತಯಾರಾದದ್ದು. ಗುಳಿಮಂಡಲಕ್ಕೂ ಕಾಳಿಂಗಕ್ಕೂ ಅಲ್ಲ.

ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಬಾರದು, ಅದರ ಚರ್ಮ ಹೀರಿಕೊಳ್ಳುತ್ತದೆ. ಮುಟ್ಟದೇ ಇದ್ದರೆ ಇನ್ನೂ ಒಳ್ಳೆಯದು. ಬೂಟಿನ ಕೆಸರು ತೊಳೆದು ಪೂರ್ತಿ ಒಣಗಿಸಿಯೇ ಮುಂದಿನ ಹಳ್ಳಕ್ಕೆ ಇಳಿಯಿರಿ, ಕಪ್ಪೆಗಳ ಶಿಲೀಂಧ್ರ ರೋಗ ನೀರಿನಲ್ಲೂ ಕೆಸರಿನಲ್ಲೂ ದಾಟುತ್ತದೆ. ರಕ್ಷಿತಾರಣ್ಯದೊಳಗೆ ರಾತ್ರಿ ನಡಿಗೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೋಂಸ್ಟೇಯವರ ‘ಪರವಾಗಿಲ್ಲ ಬನ್ನಿ’ ಅನುಮತಿಯಲ್ಲ.