ಮೇ ತಿಂಗಳಲ್ಲಿ ನೀರು ಹಾಕುವವರು ಯಾರು? ಮೊದಲು ಅದನ್ನು ಕೇಳಿ, ಆಮೇಲೆ ಬಿತ್ತಿ

ಮುಂಬಯಿಯಲ್ಲಿ ಗಿಡದ ಹುಮ್ಮಸ್ಸು ವರ್ಷಕ್ಕೆ ಎರಡು ಸಲ ಉಕ್ಕುತ್ತದೆ. ಒಂದು, ಚಳಿಗಾಲದ ಕೊನೆಗೆ ಭಾಯಖಳಾದ ರಾಣಿಬಾಗ್‌ನಲ್ಲಿ ಪಾಲಿಕೆಯ ಪುಷ್ಪ ಪ್ರದರ್ಶನ ನಡೆದಾಗ. ಇನ್ನೊಂದು, ಮೊದಲ ಮಳೆ ಬಿದ್ದಾಗ. ಎರಡರ ನಡುವಿನ ತಿಂಗಳುಗಳಲ್ಲಿ ಯಾರೂ ಫೋಟೋ ಹಾಕುವುದಿಲ್ಲ, ಗುಂಪಿನಲ್ಲಿ ಸಂದೇಶವೂ ಕಡಿಮೆ. ಆದರೆ ಮಾಟುಂಗಾ ಇರಲಿ, ಮುಲುಂಡ್, ಡೊಂಬಿವಲಿ, ಮೀರಾ ರೋಡ್ ಇರಲಿ, ಸೊಸೈಟಿಯ ತೋಟ ಉಳಿಯುವುದೋ ಒಣಗುವುದೋ ತೀರ್ಮಾನವಾಗುವುದು ಶಿವರಾತ್ರಿಯಿಂದ ಮೃಗಶಿರಾ ಮಳೆಯವರೆಗಿನ ಆ ದಿನಗಳಲ್ಲೇ.

ನಮ್ಮ ಕನ್ನಡದ ಬಳಗಗಳಿಗೆ ಇನ್ನೊಂದು ತೊಡಕಿದೆ. ಶಾಲೆಗೆ ರಜೆ ಸಿಕ್ಕಿತೋ, ಮತ್ಸ್ಯಗಂಧ ರೈಲು ಹತ್ತಿ ಅರ್ಧಕ್ಕರ್ಧ ಜನ ಊರಿಗೆ. ಫೆಬ್ರುವರಿಯಲ್ಲಿ ಇಪ್ಪತ್ತು ಜನ ಸೇರಿ ನೂರು ಕುಂಡ ತುಂಬುತ್ತಾರೆ. ಮೇ ಎರಡನೇ ವಾರದಲ್ಲಿ ಟೆರೇಸ್ ಮೆಟ್ಟಿಲು ಹತ್ತುವವರು ನಾಲ್ಕೇ ಮಂದಿ. ಅದಕ್ಕೇ ನನ್ನ ಹಟ ಒಂದೇ: ವಸಂತದ ಕಾರ್ಯಕ್ರಮವನ್ನು ಮೇ ತಿಂಗಳಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಮೇನಲ್ಲಿ ಇಲ್ಲೇ ಇರುವವರ ಹೆಸರು ಮೊದಲು ಬರೆದುಕೊಳ್ಳಿ. 20 ಲೀಟರಿನ ಒಂದು ಗ್ರೋ ಬ್ಯಾಗಿಗೆ, ಅಂದರೆ ಗಿಡ ಬೆಳೆಸುವ ಚೀಲಕ್ಕೆ, ಬಿಸಿಲು ಏರಿದ ಮೇಲೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಬೇಕು. ಒಬ್ಬರು ಬೇಸರವಿಲ್ಲದೆ ನೋಡಿಕೊಳ್ಳಬಹುದಾದದ್ದು ಇಪ್ಪತ್ತೈದು ಬ್ಯಾಗು, ಅಂದರೆ 50 ಲೀಟರ್. ನಾಲ್ಕು ಜನ ಪಾಳಿ ಹಂಚಿಕೊಂಡು ಒಂದು ದಿನಕ್ಕೆ ಇಬ್ಬರಂತೆ ಬಂದರೆ ಐವತ್ತು ಬ್ಯಾಗು. ನೂರು ಕುಂಡವಿದ್ದರೂ ಬೇಸಿಗೆ ಬೆಳೆ ಐವತ್ತರಲ್ಲಿ ಮಾತ್ರ. ಮಿಕ್ಕ ಐವತ್ತಕ್ಕೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ.

ಮೊದಲ ಕೆಲಸ ಬಿತ್ತನೆಯಲ್ಲ, ತರಗೆಲೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮುಂಬಯಿಯ ಕಾಂಪೌಂಡುಗಳಲ್ಲಿ ಬಾದಾಮಿ, ಅಶ್ವತ್ಥ, ಮಳೆಮರ, ಮಹಾಗನಿ ಎಲ್ಲ ಎಲೆ ಉದುರಿಸುತ್ತವೆ. ವರ್ಷಪೂರ್ತಿ ಬೇಕಾಗುವ ಗೊಬ್ಬರ ಕಾಲಬುಡಕ್ಕೆ ಬಂದು ಬೀಳುತ್ತದೆ, ನಾವು ಅದನ್ನು ಗುಡಿಸಿ ಕಸದ ಲಾರಿಗೆ ಕೊಟ್ಟು, ಆಮೇಲೆ ದುಡ್ಡು ಕೊಟ್ಟು ಎರೆಗೊಬ್ಬರದ ಚೀಲ ತರುತ್ತೇವೆ. ಇದು ನಿಲ್ಲಬೇಕು. ಕೆಲವು ಕಡೆ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುವುದೂ ಇದೆ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿದೆ. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ. ಸೊಸೈಟಿ ಕಮಿಟಿಯನ್ನು ಒಪ್ಪಿಸಲು ಈ ಎರಡು ಅಂಕಿ ಸಾಕು.

ಎಲೆಗೊಬ್ಬರ ಮಾಡುವ ಬಗೆ ಕಷ್ಟವಲ್ಲ. ಹತ್ತು ಅಡಿ ಉದ್ದ, ಮೂರು ಅಡಿ ಎತ್ತರದ ತಂತಿಯ ಕೋಳಿಬಲೆಯನ್ನು ಸುತ್ತಿ ತುದಿ ಕಟ್ಟಿದರೆ ಮೂರು ಅಡಿ ಅಗಲದ ಗೂಡು. ಅಂಥದ್ದು ಎರಡು ಬೇಕು, ಒಂದರಿಂದ ಇನ್ನೊಂದಕ್ಕೆ ಮಗುಚಲು. ಮೂರು ಅಡಿಗಿಂತ ಕಿರಿದಾದ ರಾಶಿ ಒಳಗೆ ಬಿಸಿಯೇರುವುದಿಲ್ಲ. ಗೂಡು ನೆಲದ ಮೇಲೆ, ಮಣ್ಣಿಗೆ ತಾಗಿಕೊಂಡು, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇರಲಿ. ಒಂದು ಗೇಣು ಒದ್ದೆ ಮಾಡಿದ ಎಲೆ, ಅದರ ಮೇಲೆ ಸೆಗಣಿ ನೀರು, ಹತ್ತು ಲೀಟರಿಗೆ ಒಂದು ಕಿಲೋ ಹಸಿ ಸೆಗಣಿ. ಸೆಗಣಿ ಸಿಗದ ಕಡೆ ಐದು ಲೀಟರ್ ನೀರಿಗೆ ಅರ್ಧ ಲೀಟರ್ ಹುಳಿ ಮಜ್ಜಿಗೆ, ನೂರು ಗ್ರಾಂ ಬೆಲ್ಲ ಕದಡಿದರೂ ನಡೆಯುತ್ತದೆ. ಅಡುಗೆಮನೆಯ ತರಕಾರಿ ಸಿಪ್ಪೆ ಸೇರಿಸುವುದಾದರೆ ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ, ಅದಕ್ಕಿಂತ ಹೆಚ್ಚು ಬೇಡ. ಬೇಯಿಸಿದ ಅನ್ನ, ಸಾಂಬಾರು, ಮೀನಿನ ಮುಳ್ಳು ಹಾಕಿದರೆ ಇಲಿ ಬರುತ್ತದೆ. ಇಲಿ ಬಂದರೆ ಮುಂದಿನ ಮೀಟಿಂಗಿನಲ್ಲೇ ಗೂಡು ಕಿತ್ತು ಹಾಕುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ ಕಡೆ. ಮೇಲಿಂದ ಪೈಪು ಹಿಡಿದು ನೀರು ಬಿಡುತ್ತಾರೆ. ಒಣ ಎಲೆ ನೀರನ್ನು ಹೀರುವುದಿಲ್ಲ, ಹೊರಬದಿಯಿಂದ ಜಾರಿಸಿಬಿಡುತ್ತದೆ. ತಿಂಗಳು ಕಳೆದು ಕೈಹಾಕಿ ಬಗೆದರೆ ನಡುವೆ ಎಲೆ ಗರಿಗರಿ, ಮೇಲೆ ಬೂದಿ ಎರಚಿದ ಹಾಗೆ ಬಿಳಿ ಪುಡಿ. ಆ ಬಿಳಿ ಪುಡಿ ಕಂಡರೆ ಒಳಗೆ ಬಿಸಿಯೇರಿ ತೇವ ಆರಿಹೋಗಿದೆ ಎಂದರ್ಥ. ಬಿಡಿಸಿ, ಪದರ ಪದರವಾಗಿ ನೆನೆಸಿ ಮತ್ತೆ ತುಂಬಬೇಕು. ಹಿಡಿ ತುಂಬ ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ. ನೀರು ಸುರಿದರೆ ಜಾಸ್ತಿಯಾಯಿತು. ಮೂತ್ರದ ಹಾಗೆ ಘಾಟು ಬಂದರೆ ಹಸಿ ಕಸ ಹೆಚ್ಚು, ಒಣ ಎಲೆ ಸೇರಿಸಿ. ಬಾದಾಮಿ, ಮಾವು, ಹಲಸಿನ ಎಲೆ ಚರ್ಮದಂತೆ ಗಟ್ಟಿ; ಹಾಗೇ ತುಂಬಿದರೆ ಮೂರು ತಿಂಗಳಾದರೂ ಎಲೆ ಎಲೆಯಾಗಿಯೇ ಇರುತ್ತದೆ. ಗೋಣಿಚೀಲಕ್ಕೆ ತುಂಬಿ ಮಕ್ಕಳಿಂದ ಚೆನ್ನಾಗಿ ತುಳಿಸಿ, ಮುರಿದ ಮೇಲೆ ಹಾಕಿ. ಎರಡು ವಾರಕ್ಕೊಮ್ಮೆ ಮಗುಚಿದರೆ ಫೆಬ್ರುವರಿ ಕೊನೆಯಲ್ಲಿ ತುಂಬಿದ್ದು ಮೇ ಕೊನೆಗೆ ಕಪ್ಪಾಗಿ, ಕಾಡಿನ ಮಣ್ಣಿನ ವಾಸನೆ ಬರುತ್ತದೆ. ರಾಶಿ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಮುಂಬಯಿಗೆ ಮುಂಗಾರು ತಲುಪುವ ವಾಡಿಕೆ ದಿನ ಜೂನ್ 11. ಅಷ್ಟರೊಳಗೆ ಜರಡಿ ಹಿಡಿದು ಚೀಲಕ್ಕೆ ತುಂಬಿಡದಿದ್ದರೆ ಸಾರವೆಲ್ಲ ಮಳೆನೀರಿನಲ್ಲಿ ಗಟಾರಕ್ಕೆ.

ಅಡುಗೆಮನೆ ಕಸದಿಂದ ಮುಂಬಯಿಯ ಟೆರೇಸ್ ಮೇಲೆ ತೋಟ ಆಗುತ್ತದೆಯೇ ಎಂದು ಕೇಳುವವರಿಗೆ ಮುಂಬಯಿ ಪೋರ್ಟ್ ಟ್ರಸ್ಟ್‌ನ (ಈಗಿನ ಮುಂಬಯಿ ಪೋರ್ಟ್ ಅಥಾರಿಟಿ) ಉದಾಹರಣೆ ಕೊಡಿ. ಅಲ್ಲಿನ ಕ್ಯಾಂಟೀನಿನ ಟೆರೇಸ್ ಮೇಲೆ ಆಗ ಕ್ಯಾಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಅಡುಗೆಮನೆಯ ಕಸವನ್ನೇ ಮಣ್ಣಾಗಿಸಿ ಹಣ್ಣು ತರಕಾರಿ ಬೆಳೆಸಿ ತೋರಿಸಿದ್ದಾರೆ. ಇಂಥ ಮಣ್ಣಿನ ದೊಡ್ಡ ಗುಣ ಅದು ಹಗುರ ಎನ್ನುವುದು. ಜನ ಓಡಾಡುವ ಚಪ್ಪಟೆ ಟೆರೇಸ್‌ಗೆ ಭಾರತೀಯ ಮಾನಕದ ಲೆಕ್ಕದಲ್ಲಿ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದು ಅಡಿ ದಪ್ಪ ಒದ್ದೆ ಕೆಂಪುಮಣ್ಣು ಹರಡಿದರೆ ಅದೇ ಚದರ ಮೀಟರ್ 400 ಕಿಲೋ ದಾಟುತ್ತದೆ. ಹಾಗಾಗಿ ನರ್ಸರಿಯ ಲಾಲ್ ಮಿಟ್ಟಿ ಮೂರರಲ್ಲೊಂದು ಪಾಲು ಮಾತ್ರ, ಗೊಬ್ಬರ ಒಂದು ಪಾಲು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಕೋಕೋಪೀಟನ್ನು ಎರಡು ಸಲ ನೆನೆಸಿ ಹಿಂಡಲೇಬೇಕು, ಅದರಲ್ಲಿ ಉಪ್ಪಿರುತ್ತದೆ. ಕುಂಡಗಳನ್ನು ತೊಲೆ, ಕಂಬಗಳ ಮೇಲೆ ಬರುವಂತೆ ಅಂಚಿನಲ್ಲಿ, ಇಟ್ಟಿಗೆ ಮೇಲೆ ಇಡಿ. ಅಡಿಯಿಂದ ಪೊರಕೆ ಆಡಬೇಕು, ನೀರು ಹೋಗುವ ಬಾಯಿ ಕಾಣುತ್ತಿರಬೇಕು. ಕೆಳಗಿನ ಫ್ಲ್ಯಾಟಿನ ಸೀಲಿಂಗ್ ಸೋರಿದರೆ ತೋಟದ ಪರ ಮಾತಾಡುವವರು ಯಾರೂ ಉಳಿಯುವುದಿಲ್ಲ.

ಈಗ ಬಿತ್ತನೆ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಅನ್ನುತ್ತಾರಲ್ಲ, ಈ ಕರಾವಳಿಯಲ್ಲಿ ಅದು ನಿಜ. ಆಮೇಲೆ ಟೊಮೆಟೊ ಬೇಡ, ಕೋಸು ಬೇಡ, ಪೆಟೂನಿಯಾ ಅಂತೂ ಬೇಡವೇ ಬೇಡ. ರಾತ್ರಿಯ ಶಾಖ 24, 25 ಡಿಗ್ರಿಗಿಂತ ಇಳಿಯದಿದ್ದರೆ ಟೊಮೆಟೊ ಹೂ ಬಿಟ್ಟು ಉದುರಿಸುತ್ತದೆ, ಕಾಯಿ ಕಚ್ಚುವುದಿಲ್ಲ. ಮುಂಬಯಿಯ ಏಪ್ರಿಲ್ ರಾತ್ರಿಗಳು ಅಂಥವೇ. ಅದಕ್ಕೆ ಗೊಬ್ಬರ ಕಡಿಮೆಯಾಯಿತೆಂದು ಯೂರಿಯಾ ಸುರಿಯುವುದು ವ್ಯರ್ಥ. ಈ ಕಾಲದ ಬೆಳೆ ಬೆಂಡೆ, ಅಲಸಂದೆ, ಹರಿವೆ, ಬಸಳೆ, ಸೌತೆ, ಹೀರೆ, ಹಾಗಲ.

ಬೆಂಡೆಯ ದಿನ ಎಣಿಸಿ ನೋಡಿ. ಬೀಜ ಬಿದ್ದ 45ರಿಂದ 50 ದಿನಕ್ಕೆ ಮೊದಲ ಕಾಯಿ. ಫೆಬ್ರುವರಿ ನಡುವೆ ಬಿತ್ತಿದರೆ ಏಪ್ರಿಲ್ ಮೊದಲ ವಾರ ಕೊಯ್ಲು, ಎಲ್ಲರೂ ಊರಿಗೆ ಹೊರಡುವ ಮೊದಲು ಪ್ರತಿ ಮನೆಗೂ ಪಾಲು. ಯುಗಾದಿ ನೋಡಿಕೊಂಡು ಮಾರ್ಚ್ ಕೊನೆಗೆ ಬಿತ್ತಿದರೆ ಕಾಯಿ ಬರುವುದು ಮೇ ನಡುವೆ; ಎರಡು ದಿನಕ್ಕೊಮ್ಮೆ ಕೀಳುವವರಿಲ್ಲದೆ ಗಿಡದಲ್ಲೇ ನಾರಾಗುತ್ತದೆ. ಬೀಜ ರಾತ್ರಿ ನೆನೆಸಿ, ಒಂದು ಇಂಚಿಗಿಂತ ಆಳ ಬೇಡ, 20 ಲೀಟರಿನ ಬ್ಯಾಗಿಗೆ ಒಂದೇ ಗಿಡ. ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣ ತಂದ ವೈರಸ್, ಮದ್ದಿಲ್ಲ. ಅವತ್ತೇ ಕಿತ್ತು ತೆಗೆಯಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ತಳಿ ಈ ರೋಗ ತಡೆಯಲೆಂದೇ ಬಂದದ್ದು. ಪೂರ್ತಿ ರಕ್ಷಣೆ ಎನ್ನಲಾಗದು, ಆದರೂ ಬಿಡಿಬೀಜಕ್ಕಿಂತ ವಾಸಿ.

ಬಸಳೆಗೆ ಬೀಜದ ಗೊಡವೆ ಬೇಡ. ಗೇಣುದ್ದದ ಬಳ್ಳಿ, ಎರಡು ಗೆಣ್ಣು ಮಣ್ಣೊಳಗೆ, ಕೆಳಗಿನ ಎಲೆ ಚಿವುಟಿ, ಒಂದು ವಾರ ನೆರಳು. ಹರಿವೆ 25, 30 ದಿನದ ಬೆಳೆ. ಹೊಸಬರಿಗೆ, ಮಕ್ಕಳಿಗೆ ಕೊಡಬೇಕಾದ್ದು ಇದನ್ನೇ, ಕೊಯ್ಯುವ ಖುಷಿ ಬೇಗ ಸಿಗುತ್ತದೆ. ಬಳ್ಳಿ ತರಕಾರಿ ಹೂ ಬಿಟ್ಟು ಕಾಯಿಯಾಗುತ್ತಿಲ್ಲ ಎಂಬ ದೂರು ಎತ್ತರದ ಕಟ್ಟಡಗಳಲ್ಲಿ ಸದಾ ಇರುವುದೇ: ಅಷ್ಟು ಮೇಲೆ ಜೇನು ಬರುವುದು ಕಡಿಮೆ. ಗಂಡು ಹೂವಿನ ಎಸಳು ಕಿತ್ತು, ಪರಾಗವನ್ನು ಹೆಣ್ಣು ಹೂವಿಗೆ ಕೈಯಾರೆ ತಾಗಿಸಿ. ಸೌತೆ, ಹಾಗಲಕ್ಕೆ ಬೆಳಗ್ಗೆ ಒಂಬತ್ತರೊಳಗೆ. ಹೀರೆ ಅರಳುವುದು ಸಂಜೆ, ಅದನ್ನು ಆಫೀಸಿನಿಂದ ಬಂದವರು ಮಾಡಬಹುದು.

ಮಾರ್ಚ್‌ನಲ್ಲಿ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತುತ್ತದೆ. ಮೊದಲು ಮುತ್ತಿದ ತುದಿ ಕತ್ತರಿಸಿ, ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಒಂದೆರಡು ಎಂ.ಎಲ್. ದ್ರವ ಸೋಪು, ಎಣ್ಣೆಯನ್ನು ಸೋಪಿನ ಜೊತೆ ಮೊದಲೇ ಕಲಸಿಕೊಳ್ಳದಿದ್ದರೆ ಅದು ನೀರಿನ ಮೇಲೆ ತೇಲುತ್ತದೆ. ಸಂಜೆ ಸಿಂಪಡಿಸಿ, ಬಿಸಿಲಲ್ಲಿ ಎಲೆ ಸುಡುತ್ತದೆ. ವಾರಕ್ಕೊಂದರಂತೆ ಮೂರು ಸಲ, ಯಾಕೆಂದರೆ ಉಳಿದ ಮೊಟ್ಟೆಗಳು ಒಡೆದು ಮತ್ತೆ ಮರಿ ಬರುತ್ತವೆ.

ಏಪ್ರಿಲ್ ಮೊದಲ ವಾರ ನೆರಳು ಬಲೆ. ಸೊಪ್ಪಿಗೆ 50 ಶೇಕಡಾ, ಕಾಯಿಪಲ್ಲೆಗೆ 35 ಸಾಕು. ಬೇಲಿಗೆ ಬಳಸುವ ದಟ್ಟ ಬಲೆ ಕಟ್ಟಿದರೆ ಬೆಂಡೆ ಸೊರಗಿ ಉದ್ದವಾಗುತ್ತದೆ. ಬುಡಕ್ಕೆ ಎರಡು ಇಂಚು ಒಣ ಎಲೆ ಮುಚ್ಚಿ, ಕಾಂಡಕ್ಕೆ ತಾಗದಂತೆ. ನೀರು ಬೆಳಗ್ಗೆ ಎಂಟರೊಳಗೆ. ಎಸಿಯ ನೀರು ಹಿಡಿದು ಬಳಸಿ, ಉಪ್ಪಿಲ್ಲದ ಒಳ್ಳೆಯ ನೀರು ಅದು. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಮಾತ್ರ ಕುಂಡಗಳಿಗೆ ದಿನವೂ ಹಾಕಬೇಡಿ, ಮಣ್ಣ ಮೇಲೆ ಬಿಳಿ ಪೊರೆ ಕಟ್ಟಿ ಎಲೆಯಂಚು ಕರಕಲಾಗುತ್ತದೆ. ನೀರು ತುಂಬಿಡುವ ಡ್ರಮ್ಮಿಗೆ ಬಿಗಿ ಮುಚ್ಚಳ ಬೇಕು, ಕುಂಡದ ತಟ್ಟೆಗಳನ್ನು ತೆಗೆದೇ ಬಿಡಿ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನದಲ್ಲಿ ತಯಾರು.

ಇನ್ನು ಉಳಿದ ಐವತ್ತು ಕುಂಡ. ಏಪ್ರಿಲ್ ಮೂರನೇ ಭಾನುವಾರ ಅವುಗಳ ಮಣ್ಣು ಸುರಿದು, ಬೇರು ಆರಿಸಿ, ಚೆನ್ನಾಗಿ ಒದ್ದೆ ಮಾಡಿ, ಅರ್ಧ ಅಡಿ ದಪ್ಪಕ್ಕೆ ಹರಡಿ. ಜಾಗ ನೆಲದ ಮೇಲಿದ್ದರೆ ಉತ್ತಮ. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚುಗಳನ್ನು ಗಾಳಿಯಾಡದಂತೆ ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಬಿಸಿಲು ಒಳಹೋಗಿ ಶಾಖ ಅಲ್ಲೇ ಉಳಿಯುತ್ತದೆ. ಬೇರುಗಂಟಿನ ಜಂತು, ಕಾಂಡ ಕೊಳೆಸುವ ಬೂಷ್ಟು, ಕಳೆಬೀಜ ಬಹುಪಾಲು ಸಾಯುತ್ತವೆ. ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಹಾಳೆ ಬಿಸಿಯಾಗುತ್ತದೆ, ಮಣ್ಣು ಅಷ್ಟಾಗಿ ಆಗುವುದಿಲ್ಲ. ಒಣಮಣ್ಣಿಗೂ ಹೀಗೆ ಮಾಡಿ ಲಾಭವಿಲ್ಲ, ತೇವವಿದ್ದರೇ ಶಾಖ ಕೆಳಕ್ಕಿಳಿಯುವುದು. ಒಳ್ಳೆಯ ಜೀವಾಣುಗಳೂ ಕಡಿಮೆಯಾಗುವುದರಿಂದ ಜೂನ್‌ನಲ್ಲಿ ತೆಗೆದಾಗ ನಿಮ್ಮದೇ ಎಲೆಗೊಬ್ಬರವನ್ನು ಮೂರರಲ್ಲೊಂದು ಪಾಲು, ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಜನವೇ ಇಲ್ಲದ ತಿಂಗಳಲ್ಲಿ ಒಬ್ಬರೂ ಮುಟ್ಟದೆ ನಡೆಯುವ ಕೆಲಸ ಇದೊಂದೇ. ಇಷ್ಟು ಒಳ್ಳೆಯ ವಿಧಾನವನ್ನು ನಮ್ಮ ಬಳಗಗಳು ಬಳಸದೇ ಇರುವುದು ನನಗೆ ಬೇಸರದ ಸಂಗತಿ.

ಪಾಳಿಯ ವಿಷಯದಲ್ಲಿ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ವಾಚ್‌ಮನ್‌ಗೆ "ಸ್ವಲ್ಪ ನೀರು ಹಾಕಪ್ಪಾ" ಎಂದು ಹೇಳಿ ರೈಲು ಹತ್ತುವುದು ಸರಿಯಲ್ಲ. ಅದು ಅವರ ಕೆಲಸವಲ್ಲ. ಜನ ಸಾಲದಿದ್ದರೆ ಬಳಗದ ಹಣದಿಂದ ಮಾಲಿಗೆ ಒಂದು ತಿಂಗಳ ಸಂಬಳ ಮೊದಲೇ ಗೊತ್ತು ಮಾಡಿ, ಯಾವ ಕುಂಡಕ್ಕೆ ಎಷ್ಟು ಮಗ್ಗು ಎಂದು ಸೀಮೆಸುಣ್ಣದಲ್ಲಿ ಕುಂಡದ ಮೇಲೇ ಬರೆಯಿರಿ.

ಊರಿಗೆ ಹೋಗುವವರಿಗೂ ಕೆಲಸವಿದೆ. ಅರಿಶಿನದ ಗಡ್ಡೆಯನ್ನು ಅಕ್ಷಯ ತೃತೀಯದ ಆಸುಪಾಸಿನಲ್ಲಿ ನೆಟ್ಟರೆ ನಾಗರಪಂಚಮಿಯ ಕಡುಬಿಗೆ ಅಗಲ ಎಲೆ ಸಿಗುತ್ತದೆ, ಹಾಗಾಗಿ ನೀವು ಹೊರಡುವ ಮುಂಚೆಯೇ ಆ ಗಡ್ಡೆ ಇಲ್ಲಿ ಮಣ್ಣು ಸೇರಬೇಕು: ಎರಡು ಕಣ್ಣಿರುವ ತುಂಡು, ಎರಡು ಇಂಚು ಆಳ, ಮೊಳಕೆ ಬರುವವರೆಗೆ ನೀರು ಕೊಂಚವೇ. ಬರುವಾಗ ಪತ್ರೊಡೆಯ ಕೆಸುವಿನ ಗಡ್ಡೆ, ಮಟ್ಟುಗುಳ್ಳ ಬದನೆಯ ಬೀಜ, ಊರ ಬಸಳೆಯ ಬಳ್ಳಿ ತನ್ನಿ. ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಲೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ರಾತ್ರಿಯ ಪ್ರಯಾಣದಲ್ಲೇ ಬೆಂದುಹೋಗುತ್ತದೆ. ಗುಳ್ಳದ ಬೀಜವನ್ನು ಗಿಡದಲ್ಲೇ ಹಳದಿಯಾಗುವಷ್ಟು ಬಲಿತ ಕಾಯಿಯಿಂದ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣಕ್ಕೆ ಹಾಕಿ, ಊರು ಮತ್ತು ತಿಂಗಳು ಬರೆಯಿರಿ. ಬೀಜ ಹಂಚುವ ಸಭೆಯನ್ನು ಜೂನ್ ಮೊದಲ ಭಾನುವಾರಕ್ಕೆ ಈಗಲೇ ಗೊತ್ತು ಮಾಡಿ. ಜರಡಿ ಹಿಡಿದ ಗೊಬ್ಬರವನ್ನೂ ಅವತ್ತೇ ಹಂಚಿ, ಎಲೆ ಮಗುಚಲು ಬಂದವರಿಗೆ ಮೊದಲ ಪಾಲು.