ಬಿಸಿನೀರು ಯಾರ ಲೆಕ್ಕ?

ಪ್ರಶ್ನೆ: ಮಲೆನಾಡಿನ ಬಾಡಿಗೆ ಮನೆಗಳಲ್ಲಿ ಬಿಸಿನೀರನ್ನೂ ನೀರು, ಕರೆಂಟಿನ ಹಾಗೆ ಅಗತ್ಯ ಸೇವೆ ಎಂದು ಕಾನೂನಿಗೆ ಸೇರಿಸಿ, ಅದರ ಹೊಣೆಯನ್ನು ಮನೆ ಮಾಲೀಕರ ಮೇಲೆ ಹಾಕಬೇಕೇ?

ಪರ: ಸ್ವಿಚ್ ಅವರ ಮನೆಯಲ್ಲಿದ್ದರೆ ಹೊಣೆಯೂ ಅವರದ್ದೇ

ಪುಷ್ಯ ಮಳೆ ಹಿಡಿದಿತ್ತು. ಮಗಳು ಹೆತ್ತು ಹನ್ನೆರಡು ದಿನ. ಶಿವಮೊಗ್ಗದ ನಮ್ಮ ಬಾಡಿಗೆ ಮನೆಗೆ ತಾರಸಿ ಮೇಲಿನ ಸೋಲಾರ್‌ನಿಂದ ಬಿಸಿನೀರು ಬರುತ್ತದೆ. ಬೇಸಿಗೆಯಲ್ಲಿ ಕೈ ಸುಡುವಷ್ಟು ಬಿಸಿ. ಮಳೆಗಾಲಕ್ಕೆ ಅಂತ ಅದೇ ಟ್ಯಾಂಕಿಗೆ ಕರೆಂಟಿನ ಕಾಯಿಲ್ ಹಾಕಿದ್ದಾರೆ. ಆದರೆ ಅದರ ಸ್ವಿಚ್ ಇರುವುದು ಮೇಲಿನ ಓನರ್ ಮನೆಯಲ್ಲಿ.

ಅವತ್ತು ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚಿ ಮಣೆ ಮೇಲೆ ಕೂರಿಸಿ ನಲ್ಲಿ ತಿರುಗಿಸಿದೆ. ಒಂದು ಬಕೆಟ್ ಹೋಯಿತು, ಎರಡು ಹೋಯಿತು, ನೀರು ತಣ್ಣಗೇ ಬರ್ತಾ ಇದೆ. ಮೇಲೆ ಓಡಿ ಕೇಳಿದರೆ, "ಬಿಲ್ ಜಾಸ್ತಿ ಬರ್ತಿದೆ ಅಮ್ಮಾ, ಈ ತಿಂಗಳಿಂದ ಆಫ್ ಮಾಡಿದೀನಿ" ಅಂದರು. ಮೊದಲೇ ಒಂದು ಮಾತು ಹೇಳಬಹುದಿತ್ತಲ್ವಾ? ಎಣ್ಣೆ ಮೈಯ ಬಾಣಂತಿಗೆ ಕಂಬಳಿ ಹೊದಿಸಿ, ಮನೆಯಲ್ಲಿದ್ದ ದೊಡ್ಡ ಪಾತ್ರೆಗಳನ್ನೆಲ್ಲ ಗ್ಯಾಸ್ ಮೇಲೆ ಇಟ್ಟೆ. ಒಂದೂವರೆ ತಿಂಗಳು ಬರುತ್ತಿದ್ದ ಸಿಲಿಂಡರ್ ಆ ಸಲ ಮೂರು ವಾರಕ್ಕೆ ಖಾಲಿ. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಇಳಿಯಲಿಲ್ಲ. ಮನೆ ತೋರಿಸುವಾಗ "ಇಪ್ಪತ್ನಾಲ್ಕು ಗಂಟೆ ಬಿಸಿನೀರು" ಅಂತ ಹೇಳಿದ್ದವರೂ ಅವರೇ.

ಚಳಿ ದೇಶಗಳಲ್ಲಿ ಇದನ್ನು ಮಾಲೀಕರ ಒಳ್ಳೆಯತನಕ್ಕೆ ಬಿಟ್ಟಿಲ್ಲ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಮಾಲೀಕರ ಕೆಲಸ. ಹಗಲು ಹೊರಗೆ ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಒಳಗೆ 20 ಡಿಗ್ರಿಯಾದರೂ ಇರಬೇಕು. ಬಿಸಿನೀರಂತೂ ವರ್ಷವಿಡೀ ಕೊಡಬೇಕು, ಅದೂ ಸುಮಾರು 49 ಡಿಗ್ರಿಗೆ ಕಡಿಮೆ ಇಲ್ಲದಂತೆ. ನಮಗೆ ರೂಮು ಬೆಚ್ಚಗಿಡುವ ಹೀಟರ್ ಬೇಡ, ಕಂಬಳಿ ಸಾಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಬಚ್ಚಲಿನ ಬಿಸಿನೀರು ಶೋಕಿ ಅಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಯಾವ ಮನೆ ಸಿಗುತ್ತದೆ ಹೇಳಿ. 2021ರಲ್ಲಿ ಕೇಂದ್ರ ಸರ್ಕಾರ, ರಾಜ್ಯಗಳು ಅಳವಡಿಸಿಕೊಳ್ಳಲಿ ಎಂದು ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿತು. ಅಗತ್ಯ ಸೇವೆ ನಿಲ್ಲಿಸಿದವರಿಂದ ಎರಡು ತಿಂಗಳ ಬಾಡಿಗೆಯವರೆಗೆ ಪರಿಹಾರ ಕೊಡಿಸಬಹುದು ಎಂದು ಅದರಲ್ಲಿದೆ. ನೀರು, ಕರೆಂಟು, ಲಿಫ್ಟು, ಮೆಟ್ಟಿಲಿನ ದೀಪ, ಪಾರ್ಕಿಂಗ್ ಎಲ್ಲ ಪಟ್ಟಿಯಲ್ಲಿವೆ, ಬಿಸಿನೀರು ಇಲ್ಲ. ಪಾರ್ಕಿಂಗ್ ಇಲ್ಲದಿದ್ದರೆ ಬಾಣಂತಿಗೆ ಏನೂ ಆಗುವುದಿಲ್ಲ ಸ್ವಾಮಿ.

ಇನ್ನೊಂದು ತಕರಾರು ಮೀಟರಿನದ್ದು. ಮೇಲೆ ಕೆಳಗೆ ಎರಡು ಸಂಸಾರ, ಆರ್‌ಆರ್ ನಂಬರ್ ಒಂದೇ. ಗೃಹಜ್ಯೋತಿಯ 200 ಯೂನಿಟ್ ಮಿತಿ ಇಬ್ಬರಿಗೂ ಸೇರಿ. ದಾಟಿದರೆ ಅಷ್ಟೂ ಬಿಲ್ ಕಟ್ಟಬೇಕು. ಆಗ ಮೊದಲು ಆರುವುದು ಬಾಡಿಗೆಯವರ ಕಾಯಿಲ್.

ನಾನು ಅರಮನೆ ಕೇಳುತ್ತಿಲ್ಲ. ಮನೆ ಬಾಡಿಗೆಗೆ ಕೊಡುವವರು ಬಿಸಿನೀರಿಗೆ ಒಂದು ದಾರಿ ಮಾಡಿಯೇ ಕೊಡಲಿ. ಗೀಸರ್ ಆಗಲಿ, ಹೊಗೆ ಹೋಗುವ ಹಾಗೆ ಕಟ್ಟಿದ ಹಂಡೆ ಒಲೆ ಆಗಲಿ. ಕೊಟ್ಟದ್ದನ್ನು ನಡುವೆ ನಿಲ್ಲಿಸಿದರೆ ಅದು ನಲ್ಲಿ ನೀರು ಕಟ್ ಮಾಡಿದಷ್ಟೇ ತಪ್ಪು ಎಂದು ಬರೆದಿಡಲಿ.

ವಿರೋಧ: ಕಾಯಿಸಿಕೊಂಡವರು ಕೊಡಲಿ

ಎಣ್ಣೆ ಹಚ್ಚಿಕೊಂಡು ಕೂತ ಬಾಣಂತಿಯ ಮನೆಯ ಸ್ವಿಚ್ ಆರಿಸಿದವರ ಪರವಾಗಿ ನಾನು ವಾದ ಮಾಡುವುದಿಲ್ಲ. ಮಾತು ಕೊಟ್ಟು ತಪ್ಪಿದ್ದು ತಪ್ಪೇ. ಆದರೆ ಒಬ್ಬರ ತಪ್ಪಿಗೆ ಎಲ್ಲರ ಮನೆಗೂ ಕಾನೂನು ತಂದರೆ ಏನಾಗುತ್ತದೆ ಅಂತ ನಾನು ಕಂಡಿದ್ದನ್ನು ಹೇಳುತ್ತೇನೆ.

ತೀರ್ಥಹಳ್ಳಿಯಲ್ಲಿ ನನ್ನದು ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಹಿಂಬದಿಗೆ ಎರಡು ಪೋರ್ಷನ್ ಬಾಡಿಗೆಗೆ ಬಿಟ್ಟಿದ್ದೇನೆ. ಒಂದರಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರದ್ದು ಹಂಡೆ ಸ್ನಾನ. ತಮ್ಮನ ತೋಟದಿಂದ ವರ್ಷಕ್ಕೆ ಸಾಕಾಗುವಷ್ಟು ಅಡಿಕೆ ಸಿಪ್ಪೆ ಬರುತ್ತದೆ. ಅದನ್ನು ಗೋಣಿಚೀಲದಲ್ಲಿ ತುಂಬಿ ಬಚ್ಚಲ ಮೂಲೆಯಲ್ಲಿ ಒಟ್ಟಿರುತ್ತಾರೆ. ಸಂಜೆ ಒಲೆಗೆ ಸಿಪ್ಪೆ ತುಂಬಿ ಊದಿದರೆ ಬೆಳಿಗ್ಗೆವರೆಗೂ ನೀರು ಬೆಚ್ಚಗಿರುತ್ತದೆ. ಇನ್ನೊಂದರಲ್ಲಿ ನಾಲ್ಕು ಜನ ಹುಡುಗರಿದ್ದರು. ಅವರಿಗೆ ಗೀಸರ್ ಹಾಕಿಸಿ, ಕರೆಂಟು ಬಾಡಿಗೆಯಲ್ಲೇ ಸೇರಿದೆ ಅಂದಿದ್ದೆ. ಅದು ನನ್ನ ಬುದ್ಧಿಗೇಡಿತನ. ಬೆಳಿಗ್ಗೆ ಆನ್ ಮಾಡಿ ಹಾಗೇ ಕಾಲೇಜಿಗೆ ಹೋಗೋರು. ಬಟ್ಟೆ ನೆನೆಸೋಕೂ ಬಿಸಿನೀರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಯಿಲ್ ಸುಟ್ಟು ಹೋಯಿತು.

ಲೆಕ್ಕ ಕಷ್ಟದ್ದೇನಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ನಾಲ್ಕು ಜನ ದಿನಕ್ಕೊಂದು ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ 60 ಯೂನಿಟ್. ಎರಡೆರಡು ಬಕೆಟ್ ಸುರಿದುಕೊಂಡರೆ 120. ಒಬ್ಬರಿಗೂ ಇನ್ನೊಬ್ಬರಿಗೂ ಇಷ್ಟು ವ್ಯತ್ಯಾಸ ಇರುವಾಗ ಅದನ್ನು ಮಾಲೀಕನ ಲೆಕ್ಕಕ್ಕೆ ಬರೆದರೆ ನಾನು ಏನು ಮಾಡುತ್ತೇನೆ? ಬಾಡಿಗೆ ಏರಿಸುತ್ತೇನೆ. ಎರಡೂ ಪೋರ್ಷನ್‌ಗೆ. ಸಿಪ್ಪೆ ಉರಿಸುವ ಅಜ್ಜಿ ಆ ಹುಡುಗರ ಸ್ನಾನದ ದುಡ್ಡು ಕೊಡಬೇಕಾಗುತ್ತದೆ.

ನ್ಯೂಯಾರ್ಕಿನ ಮಾತಿಗೆ ಬರೋಣ. ಅಲ್ಲಿಯ ಹಳೆಯ ಕಟ್ಟಡಗಳಲ್ಲಿ ಕೆಳಗೆಲ್ಲೋ ಒಂದು ಬಾಯ್ಲರ್ ಇರುತ್ತದೆ, ಐವತ್ತು ಮನೆಗೂ ಅದೊಂದೇ. ಬಾಡಿಗೆಯವರು ಅದನ್ನು ಮುಟ್ಟುವ ಹಾಗೂ ಇಲ್ಲ. ಹಾಗಾಗಿ ಹೊಣೆ ಮಾಲೀಕನಿಗೆ, ಸರಿ. ನಮ್ಮಲ್ಲಿ ಹೆಚ್ಚಿನ ಕಡೆ ಅವರವರ ಬಚ್ಚಲು, ಅವರವರ ಒಲೆ. ಇನ್ನು ಜರ್ಮನಿಯೂ ಚಳಿ ದೇಶವೇ. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ಕಡೆಯಿಂದ ಬಿಸಿ ಕೊಡುವಾಗ, ಖರ್ಚಿನ 50ರಿಂದ 70 ಶೇಕಡಾವನ್ನು ಯಾರು ಎಷ್ಟು ಬಳಸಿದರು ಎಂದು ಅಳೆದೇ ಹಂಚಬೇಕು. ನನಗೆ ಹಿಡಿಸಿದ್ದು ಆ ಕ್ರಮ.

2021ರ ಮಾದರಿ ಕಾಯ್ದೆಯ ಕೊನೆಯ ಪಟ್ಟಿಯನ್ನೂ ಓದಬೇಕು. ಸುಣ್ಣ ಬಣ್ಣ, ವೈರಿಂಗ್, ಪೈಪು ಮಾಲೀಕರಿಗೆ. ನಲ್ಲಿಯ ವಾಷರ್, ಗೀಸರ್ ರಿಪೇರಿ ಬಾಡಿಗೆದಾರರಿಗೆ. ಬರೆದವರು ಸುಮ್ನೆ ಹಾಗೆ ಹಂಚಿರಲಾರರು. ದಿನಾ ಬಳಸುವವರ ಕೈಯಲ್ಲೇ ಗೀಸರ್ ಬಾಳಿಕೆ ಇರುವುದು.

ಒಂದೇ ಮೀಟರಿನ ತಕರಾರಿನಲ್ಲಿ ಮಾತ್ರ ಆ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ. ನಿಯಮ ಮಾಡುವುದಾದರೆ ಅದನ್ನು ಮಾಡಲಿ, ಪ್ರತಿ ಪೋರ್ಷನ್‌ಗೂ ಬೇರೆ ಆರ್‌ಆರ್ ನಂಬರ್ ಇರಬೇಕು ಅಂತ. ನಾನು ಹೋದ ವರ್ಷ ಮೆಸ್ಕಾಂಗೆ ಅರ್ಜಿ ಹಾಕಿ ಎರಡಕ್ಕೂ ಬೇರೆ ಮಾಡಿಸಿದೆ. ಸ್ವಿಚ್ ಈಗ ಅವರ ಗೋಡೆಯಲ್ಲೇ ಇದೆ. ಈಗಿರುವ ಹುಡುಗರು ಸ್ನಾನ ಮುಗಿಸಿದ ಕೂಡಲೇ ಗೀಸರ್ ಆರಿಸುತ್ತಾರೆ, ಒಬ್ಬ ಮರೆತರೆ ಇನ್ನೊಬ್ಬ ಬೈಯುತ್ತಾನೆ. ಅಜ್ಜಿಗೂ ಒಂದು ಗೀಸರ್ ಹಾಕಿಸಲಾ ಅಂತ ಕೇಳಿದೆ. "ಬ್ಯಾಡ ಮಾರಾಯ, ಹಂಡೆ ತೆಗೆದ್ರೆ ಮಳೆಗಾಲದಲ್ಲಿ ಸೀರೆ ಎಲ್ಲಿ ಒಣಗಿಸ್ಲಿ" ಅಂದರು.